ಮನೆಯಲ್ಲಿ ನಬೆ: ಮೀನಿಲ್ಲದ ದಾಶಿ, ಮಣ್ಣಿನ ಮಡಕೆ ಮತ್ತು ಎಂಜಲಿನ ಪ್ರಶ್ನೆ

ತುಂಗಾತೀರ (ಕವಾಸಾಕಿ)

ಎಲ್ಲರಿಗೂ ನಮಸ್ಕಾರ. ನಾವು ಜಪಾನಿನ ಕವಾಸಾಕಿಗೆ ಬಂದು ಮೂರು ವರ್ಷವಾಯಿತು. ಕಳೆದ ಚಳಿಗಾಲದಲ್ಲಿ ಯಜಮಾನರ ಕಚೇರಿಯ ಸಹೋದ್ಯೋಗಿಯೊಬ್ಬರು ಮತ್ತು ಅವರ ಪತ್ನಿ ನಮ್ಮನ್ನು ಊಟಕ್ಕೆ ಕರೆದು, ಮೇಜಿನ ನಡುವೆ ಸಣ್ಣ ಗ್ಯಾಸ್ ಒಲೆಯನ್ನಿಟ್ಟು, ಅದರ ಮೇಲೆ ಮಣ್ಣಿನ ಮಡಕೆಯಲ್ಲಿ ನಬೆ, ಅಂದರೆ ರಸದಲ್ಲಿ ಬೇಯಿಸುತ್ತಲೇ ಉಣ್ಣುವ ಅಡುಗೆ, ಮಾಡಿದ್ದರು. ನಾವು ಸಸ್ಯಾಹಾರಿಗಳೆಂದು ತಿಳಿದು ಅವರು ಮಾಂಸವನ್ನು ಪೂರ್ತಿ ಬಿಟ್ಟು, ತೋಫು (ಸೋಯಾ ಹಾಲಿನ ಗಿಣ್ಣು), ಎಲೆಕೋಸಿನ ಜಾತಿಯ ಹಕುಸಾಯ್ ಮತ್ತು ನಾಲ್ಕು ಬಗೆಯ ಅಣಬೆಗಳನ್ನು ಅಂದವಾಗಿ ಜೋಡಿಸಿದ್ದರು. ಆದರೆ ಕುದಿಯುತ್ತಿದ್ದ ದಾಶಿ, ಅಂದರೆ ನಬೆಯ ಮೂಲರಸ, ಒಣಮೀನಿನದಾಗಿತ್ತು. ಅದನ್ನು ಹೇಳಿದಾಗ ಆ ಮನೆಯಾಕೆಯ ಮುಖ ಬಾಡಿದ್ದು ಇಂದಿಗೂ ನನ್ನ ಮನಸ್ಸಿನಿಂದ ಮರೆಯಾಗಿಲ್ಲ. ಅವರಿಗೆ ಅದು ಮೀನೆಂದು ಹೊಳೆದೇ ಇರಲಿಲ್ಲ, ಏಕೆಂದರೆ ನಮಗೆ ಒಗ್ಗರಣೆ ಹೇಗೋ ಅವರಿಗೆ ಆ ರಸ ಹಾಗೆ.

ಈ ಜನವರಿಯಲ್ಲಿ ನಮ್ಮ ಅತ್ತೆಯವರು ತೀರ್ಥಹಳ್ಳಿಯಿಂದ ಬರುತ್ತಿದ್ದಾರೆ. ಅವರು ಇರುವಾಗಲೇ ಆ ದಂಪತಿಗಳನ್ನು ನಮ್ಮ ಮನೆಗೆ ಕರೆದು, ಎಲ್ಲರೂ ಒಂದೇ ಮಡಕೆಯಿಂದ ಉಣ್ಣಬಹುದಾದ ನಬೆಯನ್ನು ನಾನೇ ಮಾಡಬೇಕೆಂಬ ಆಸೆ. ಅತ್ತೆಯವರು ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಮುಟ್ಟುವುದಿಲ್ಲ. ಎಂಜಲಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮೀನಿಲ್ಲದೆ ರುಚಿ ಬರುವುದೇ? ಒಂದೇ ಮಡಕೆಗೆ ಐದು ಜನ ಕೈ ಹಾಕುವ ಊಟವನ್ನು ಅವರ ಮುಂದಿಡುವುದು ಹೇಗೆ? ಅನುಭವವಿದ್ದವರು ತಿಳಿಸಬೇಕು.

ಶರಾವತಿ (ಕ್ಯೋಟೋ)

ತುಂಗಾತೀರ ಅವರಿಗೆ ನಮಸ್ಕಾರ. ಮೊದಲಿಗೆ ಒಂದು ಮಾತು. ಮೀನಿಲ್ಲದ ನಬೆ ಎಂಬುದು ನಮ್ಮಂಥವರಿಗಾಗಿ ಮಾಡಿಕೊಂಡ ಹೊಂದಾಣಿಕೆಯಲ್ಲ. ನಾನಿರುವ ಊರಿನಲ್ಲಿ, ವಿಶೇಷವಾಗಿ ನಾನ್ಜೆನ್‌ಜಿ ದೇವಾಲಯದ ಸುತ್ತಮುತ್ತ, ಯುದೋಫು ಎಂಬ ನಬೆ ಪ್ರಸಿದ್ಧವಾಗಿದೆ. ಅದರಲ್ಲಿ ಮಡಕೆಯ ತಳಕ್ಕೆ ಒಂದು ತುಂಡು ಕೊಂಬು (ಒಣ ಕಡಲಪಾಚಿ), ಅದರ ಮೇಲೆ ನೀರು, ನೀರಿನಲ್ಲಿ ತೋಫು, ಅಷ್ಟೇ. ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಮೀನು ಮಾಂಸಗಳಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಯ ಘಾಟು ತರಕಾರಿಗಳನ್ನೂ ಬಿಡುತ್ತಾರೆ. ನಿಮ್ಮ ಅತ್ತೆಯವರ ನಿಯಮ ಇಲ್ಲಿನವರಿಗೆ ಅಪರಿಚಿತವೇನಲ್ಲ. ಅತಿಥಿಗಳಿಗೆ 'ಶೋಜಿನ್ ನಬೆ' ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಇನ್ನು ದಾಶಿಯ ವಿಷಯ. ಕೊಂಬು ಎಂದರೆ ಬಹುಮಟ್ಟಿಗೆ ಹೊಕ್ಕಾಯ್ಡೋ ಕಡಲಿನಲ್ಲಿ ಬೆಳೆಯುವ, ಅಗಲ ಪಟ್ಟಿಯಂತೆ ಒಣಗಿಸಿದ ಕಡಲಪಾಚಿ. ಕ್ಯೋಟೋದವರು ತಿಳಿಯಾದ ರಸ ಕೊಡುವ ರಿಶಿರಿ ಕೊಂಬುವನ್ನು ಮೆಚ್ಚುತ್ತಾರೆ. ರಾವುಸು ಎಂಬುದರ ರಸ ಹೆಚ್ಚು ಗಾಢ. ಹಿದಾಕಾ ಬೇಗ ಮೆತ್ತಗಾಗುವುದರಿಂದ ಅದನ್ನು ಬೇಯಿಸಿ ತಿನ್ನಲು ಇಟ್ಟುಕೊಳ್ಳಿ. ಒಂದು ಲೀಟರ್ ನೀರಿಗೆ 10 ಗ್ರಾಂ ಸಾಕು, ಆದರೆ ತಕ್ಕಡಿಯಲ್ಲಿ ತೂಗಿಯೇ ಹಾಕಿ. ಮೇಲಿರುವ ಬಿಳಿ ಹುಡಿ ಬೂಷ್ಟಲ್ಲ, ಅದನ್ನು ತೊಳೆಯಬಾರದು. ಒದ್ದೆ ಬಟ್ಟೆಯಿಂದ ಮಣ್ಣನ್ನಷ್ಟೇ ಒರೆಸಬೇಕು. ಹಿಂದಿನ ರಾತ್ರಿಯೇ ತಣ್ಣೀರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಮರುದಿನ ಸಣ್ಣ ಉರಿಯಲ್ಲಿ ಕಾಯಿಸಿ, ಮಡಕೆಯ ತಳದಿಂದ ಚಿಕ್ಕ ಗುಳ್ಳೆಗಳು ಏಳತೊಡಗಿದೊಡನೆ ಕೊಂಬುವನ್ನು ತೆಗೆದುಬಿಡಿ. ಕೊತಕೊತ ಕುದಿಸಿದರೆ ಲೋಳೆ ಬಿಟ್ಟು ಕಡಲ ವಾಸನೆ ಬರುತ್ತದೆ. ಈ ಒಂದು ಹಂತದಲ್ಲಿ ಅವಸರ ಮಾಡಿದವರಿಗೆ ಮುಂದೆ ಯಾವ ಸಾಮಗ್ರಿಯೂ ಸಹಾಯಕ್ಕೆ ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಂಬು ಒಂದೇ ಆದರೆ ಮೊದಲ ಸಲ ಉಣ್ಣುವವರಿಗೆ ಸಪ್ಪೆಯೆನಿಸಬಹುದು. ಬೇರೆ ಪಾತ್ರೆಯಲ್ಲಿ ನಾಲ್ಕು ಒಣ ಶಿಯಿತಾಕೆ ಅಣಬೆಗಳನ್ನೂ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಆ ಕಂದುನೀರನ್ನು ಶೋಧಿಸಿ ಸೇರಿಸಿ. ಇದಕ್ಕೊಂದು ಕಾರಣವಿದೆ. 1908ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಅವರು ಕೊಂಬುವಿನ ರುಚಿಗೆ ಗ್ಲುಟಾಮೇಟ್ ಕಾರಣವೆಂದು ಕಂಡುಹಿಡಿದು ಅದಕ್ಕೆ ಉಮಾಮಿ ಎಂದು ಹೆಸರಿಟ್ಟರು. ಮುಂದೆ 1950ರ ದಶಕದಲ್ಲಿ ಒಣ ಶಿಯಿತಾಕೆಯಲ್ಲಿರುವ ಗ್ವಾನಿಲೇಟ್ ಎಂಬ ಇನ್ನೊಂದು ಅಂಶ ಪತ್ತೆಯಾಯಿತು. ಇವೆರಡೂ ಕೂಡಿದಾಗ ರುಚಿ ಎರಡನ್ನೂ ಕೂಡಿಸಿದ್ದಕ್ಕಿಂತ ಬಹಳ ಹೆಚ್ಚಾಗುತ್ತದೆ. ಒಣಮೀನು ಮಾಡುವ ಕೆಲಸವನ್ನೇ ಶಿಯಿತಾಕೆಯೂ ತನ್ನ ರೀತಿಯಲ್ಲಿ ಮಾಡುತ್ತದೆ. ಆದರೆ ಅಣಬೆಯ ನೀರು ಕೊಂಬುವಿನ ನೀರಿನ ಕಾಲು ಭಾಗವನ್ನು ಮೀರದಿರಲಿ, ಇಲ್ಲವಾದರೆ ಎಲ್ಲವೂ ಅಣಬೆಯಾಗಿಯೇ ಉಳಿಯುತ್ತದೆ.

ಎಚ್ಚರಿಕೆಯೊಂದನ್ನು ಸೇರಿಸುತ್ತೇನೆ. ಅಂಗಡಿಯ ಸಿದ್ಧ ನಬೆ ರಸದ ಪೊಟ್ಟಣಗಳಲ್ಲಿ, 'ಸೋಯಾ ಹಾಲು' ಎಂದು ಬರೆದಿರುವುದರಲ್ಲೂ, ಕೋಳಿ, ಹಂದಿ ಅಥವಾ ಮೀನಿನ ಸಾರ ಇರುವುದೇ ಹೆಚ್ಚು. ಅದ್ದಿಕೊಳ್ಳುವ ಹುಳಿಸಾಸ್ ಪೊನ್ಜುವಿನ ಬಾಟಲಿಯಲ್ಲೂ ಒಣಮೀನಿನ ರಸ ಬೆರೆಸಿರುವುದುಂಟು. 'ದಾಶಿ ಇರಿ' (ದಾಶಿ ಬೆರೆಸಿದ್ದು) ಎಂದಿರುವ ಮಿಸೊದಲ್ಲೂ, ಅಂದರೆ ಹುದುಗಿಸಿದ ಸೋಯಾ ಮುದ್ದೆಯಲ್ಲೂ, ಹಾಗೆಯೇ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 'ಕಾತ್ಸುವೊ' (ಒಂದು ಮೀನು), 'ಚಿಕಿನ್ ಎಕಿಸು' (ಕೋಳಿಯ ಸಾರ), 'ಪೋಕು ಎಕಿಸು' (ಹಂದಿಯ ಸಾರ) ಎಂಬ ಮೂರು ಪದಗಳನ್ನು ಗುರುತಿಸಲು ಕಲಿತರೆ ಬಹಳಷ್ಟು ಮುಜುಗರ ತಪ್ಪುತ್ತದೆ.

ಪಡುವಣಗಾಳಿ (ಫುಕುವೋಕಾ)

ಶರಾವತಿ ಅವರು ಹೇಳಿದ್ದೆಲ್ಲವೂ ಸರಿ. ನಾನು ಕರಾವಳಿಯವನು, ಮೀನು ಕೋಳಿ ತಿನ್ನುತ್ತೇನೆ. ನಮ್ಮ ಊರಿನ ಹೆಮ್ಮೆ ಮಿಜುತಾಕಿ. ಎಲುಬುಸಹಿತ ಕೋಳಿಯನ್ನು ಬರಿಯ ನೀರಿನಲ್ಲಿ ಬೇಯಿಸಿ, ತರಕಾರಿ ಹಾಕುವುದಕ್ಕೆ ಮೊದಲೇ ಆ ರಸವನ್ನು ಸಣ್ಣ ಬಟ್ಟಲಿಗೆ ಬಗ್ಗಿಸಿ, ಒಂದು ಚಿಟಿಕೆ ಉಪ್ಪು ಹಾಕಿ ಕುಡಿಯುವುದು ಇಲ್ಲಿನ ಪದ್ಧತಿ. ಅತಿಥಿಗಳು ಮಾಂಸಾಹಾರಿಗಳಾದ್ದರಿಂದ ನಡುವೆ ಅಡ್ಡಗೋಡೆಯಿರುವ ಪಾತ್ರೆಯನ್ನು ತಂದು ಒಂದು ಬದಿಗೆ ಕೋಳಿ, ಇನ್ನೊಂದು ಬದಿಗೆ ತೋಫು ಎಂದು ಮಾಡಬಹುದಲ್ಲವೇ?

ಶರಾವತಿ (ಕ್ಯೋಟೋ)

ಪಡುವಣಗಾಳಿ ಅವರ ಸಲಹೆ ಗೆಳೆಯರ ಕೂಟಕ್ಕೆ ಒಳ್ಳೆಯದು, ಈ ಊಟಕ್ಕೆ ಬೇಡ. ಎರಡೂ ಬದಿ ಉಕ್ಕಿದಾಗ ಅಡ್ಡಗೋಡೆ ಏನನ್ನೂ ತಡೆಯುವುದಿಲ್ಲ, ಹಿರಿಯರು ಊಟದುದ್ದಕ್ಕೂ ಆ ಗೋಡೆಯನ್ನೇ ನೋಡುತ್ತ ಕುಳಿತಿರಬೇಕಾಗುತ್ತದೆ. ತುಂಗಾತೀರ ಅವರ ಆಸೆ 'ಒಂದೇ ಮಡಕೆ' ಎಂಬುದು. ಆ ಜಪಾನೀ ದಂಪತಿಗಳೂ ಒಂದು ದಿನ ಕೋಳಿಯಿಲ್ಲದೆ ಸಂತೋಷವಾಗಿ ಉಣ್ಣುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ತುಂಗಾತೀರ (ಕವಾಸಾಕಿ)

ಓದುತ್ತಾ ಧೈರ್ಯ ಬಂತು. ಅತ್ತೆಯವರಿಗೆ ಫೋನಿನಲ್ಲಿ 'ಕಡಲಪಾಚಿಯ ಕಷಾಯ' ಎಂದಾಗ ಅವರು ಒಂದು ಕ್ಷಣ ಸುಮ್ಮನಿದ್ದು, ಅದು ಗಿಡದಂಥದ್ದೇ ಆದರೆ ತೊಂದರೆಯಿಲ್ಲ ಎಂದರು.

ಈಗ ಮಡಕೆಯ ಪ್ರಶ್ನೆ. ಕಳೆದ ವರ್ಷ ನಾನೊಂದು ದೊನಾಬೆ, ಅಂದರೆ ನಬೆಯ ಮಣ್ಣಿನ ಮಡಕೆ, ಕೊಂಡಿದ್ದೆ. ಎರಡನೆಯ ಸಲಕ್ಕೇ ಠಣ್ ಎಂಬ ಸದ್ದಿನೊಂದಿಗೆ ತಳದಲ್ಲಿ ಸೀಳು ಬಿಟ್ಟಿತು. ತೊಳೆದು, ಮೇಲ್ಭಾಗವನ್ನು ಒರೆಸಿ, ತಳ ಹಸಿಯಿರುವಾಗಲೇ ಒಲೆಗಿಟ್ಟದ್ದು ತಪ್ಪೆಂದು ಈಗ ಅನುಮಾನ. ನಮ್ಮ ಮನೆಯಲ್ಲಿ ಇರುವುದು ಇಂಡಕ್ಷನ್ ಒಲೆ ಮಾತ್ರ, ಆದ್ದರಿಂದ ಮೇಜಿನ ಮೇಲಿಡುವ ಗ್ಯಾಸ್ ಒಲೆಯನ್ನೂ ಕೊಳ್ಳಬೇಕಾಗಿದೆ.

ಕುಂಬಾರಕೊಪ್ಪಲು (ಮೈಸೂರು)

ನಿಮ್ಮ ಅನುಮಾನ ಸರಿಯಾಗಿದೆ. ನಾನು ಆರು ವರ್ಷ ಮಿಎ ಪ್ರಾಂತದ ಯೊಕ್ಕಾಯಿಚಿಯಲ್ಲಿ ಕೆಲಸದಲ್ಲಿದ್ದೆ; ಬಾಂಕೊ ಮಣ್ಣಿನ ಪಾತ್ರೆಗಳ ಊರು ಅದು. ಜಪಾನಿನಲ್ಲೇ ತಯಾರಾಗುವ ದೊನಾಬೆಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬರುತ್ತವೆ. ಆ ಮಣ್ಣಿಗೆ ಪೆಟಲೈಟ್ ಎಂಬ ಲಿಥಿಯಂ ಖನಿಜವನ್ನು ಬೆರೆಸುತ್ತಾರೆ. ಅದರಿಂದ ಪಾತ್ರೆ ಬಿಸಿಗೆ ಹೆಚ್ಚು ಹಿಗ್ಗುವುದಿಲ್ಲ, ನೇರ ಉರಿಯನ್ನು ತಾಳಿಕೊಳ್ಳುತ್ತದೆ. ಅದೇ ಪ್ರಾಂತದ ಇಗಾ ಎಂಬಲ್ಲಿನ ಮಣ್ಣು ಬೇರೆ ಜಾತಿಯದು: ಬಹು ಪುರಾತನ ಸರೋವರದ ತಳದ ಮಣ್ಣಾದ್ದರಿಂದ ಅದರೊಳಗಿನ ಸಸ್ಯದ ಅವಶೇಷಗಳು ಸುಡುವಾಗ ಉರಿದುಹೋಗಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಹೀಗಾಗಿ ಇಗಾ ಮಡಕೆ ನಿಧಾನವಾಗಿ ಕಾದು, ನಿಧಾನವಾಗಿ ಆರುತ್ತದೆ. ತೋಫುವಿನ ನಬೆಗೆ ನಾನು ಇಗಾವನ್ನೇ ಆರಿಸುತ್ತೇನೆ, ಆದರೆ ಮೊದಲ ಸಲ ಕೊಳ್ಳುವವರಿಗೆ ಬಾಂಕೊ ಸಾಕು, ಬೆಲೆಯೂ ಹಗುರ. ದೊನಾಬೆಯ ಗಾತ್ರವನ್ನು 'ಗೋ' ಎಂಬ ಅಳತೆಯಲ್ಲಿ ಹೇಳುತ್ತಾರೆ, ಒಂದು ಗೋ ಎಂದರೆ ಸುಮಾರು 3 ಸೆಂಟಿಮೀಟರ್ ವ್ಯಾಸ. ಐದು ಜನರಿಗೆ 9 ಗೋ ಮಡಕೆ ಬೇಕಾಗುತ್ತದೆ.

ಹೊಸ ಮಡಕೆಯನ್ನು ಪಳಗಿಸುವ ಕೆಲಸ ನಮ್ಮೂರಿನ ಅಜ್ಜಿಯರಿಗೆ ಹೊಸದಲ್ಲ. ಅಲ್ಲಿ ಅದಕ್ಕೆ ಮೆದೊಮೆ ಎನ್ನುತ್ತಾರೆ. ಮಡಕೆಯನ್ನು ತೊಳೆದು ಪೂರ್ತಿ ಒಣಗಿಸಿ, ಮುಕ್ಕಾಲು ಪಾಲು ನೀರು ತುಂಬಿ, ಎರಡು ಹಿಡಿ ಅನ್ನ ಹಾಕಿ, ಬಹಳ ಸಣ್ಣ ಉರಿಯಲ್ಲಿ ಒಂದು ಗಂಟೆ ಗಂಜಿ ಕಾಯಿಸಬೇಕು. ಉರಿ ಆರಿಸಿದ ಮೇಲೆ ಗಂಜಿ ಅದರಲ್ಲಿಯೇ ಪೂರ್ತಿ ತಣ್ಣಗಾಗಲಿ, ಆಮೇಲೆ ತೊಳೆದು ಬೋರಲು ಹಾಕಿ ಒಂದೆರಡು ದಿನ ಒಣಗಿಸಿ. ಪಿಷ್ಟ ರಂಧ್ರಗಳನ್ನು ಮುಚ್ಚುತ್ತದೆ. ಅಲ್ಲಿಂದ ಮುಂದೆ ತಳದಲ್ಲಿ ತೇವವಿದ್ದಾಗ ಒಲೆಗೆ ಇಡಬೇಡಿ, ಬರಿದಾಗಿ ಕಾಯಿಸಬೇಡಿ, ಬಿಸಿಯಿರುವಾಗ ತಣ್ಣೀರು ಸೋಕಿಸಬೇಡಿ. ಮಡಕೆಯೊಳಗೆ ಸಾಬೂನಿನ ನೀರನ್ನು ನೆನೆಯಿಡುವುದಂತೂ ಬೇಡವೇ ಬೇಡ, ಅದು ಹೀರಿಕೊಂಡು ಮುಂದಿನ ಊಟಕ್ಕೆ ಬಿಡುತ್ತದೆ.

ಮೇಜಿನ ಒಲೆಯ ಬಗ್ಗೆ ಒಂದು ಗಂಭೀರವಾದ ಎಚ್ಚರಿಕೆ. ಅದರ ಗ್ಯಾಸ್ ಡಬ್ಬಿ ಒಲೆಯ ಪಕ್ಕದಲ್ಲೇ ಕುಳಿತಿರುತ್ತದೆ. ಮಡಕೆಯ ಅಂಚು ಡಬ್ಬಿಯ ಮೇಲಕ್ಕೆ ಚಾಚಿಕೊಂಡರೆ ಶಾಖ ಹಿಂದಿರುಗಿ ಡಬ್ಬಿ ಕಾದು ಸಿಡಿಯುವ ಅಪಾಯವಿದೆ. ಕೊಳ್ಳುವಾಗಲೇ ಒಲೆಯ ಮೇಲೆ ಬರೆದಿರುವ ಗರಿಷ್ಠ ವ್ಯಾಸವನ್ನು ನೋಡಿಕೊಳ್ಳಿ. ಚಳಿಯೆಂದು ಕಿಟಕಿಗಳನ್ನು ಪೂರ್ತಿ ಮುಚ್ಚಬೇಡಿ, ಆಗಾಗ ಹೊರಗಿನ ಗಾಳಿ ಬರಲಿ. ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 250 ಗ್ರಾಂ ಅನಿಲವಿದ್ದು, ದೊಡ್ಡ ಉರಿಯಲ್ಲಿ ಸುಮಾರು ಒಂದು ಗಂಟೆ ಬರುತ್ತದೆ. ಕೈಗೆ ಸಿಗುವಂತೆ ಇನ್ನೊಂದನ್ನು ಇಟ್ಟುಕೊಳ್ಳಿ.

ಊರಿಗೆ ಮರಳಿದವರು ಓದುತ್ತಿದ್ದರೆ ಅವರಿಗೊಂದು ಮಾತು. ಮೈಸೂರಿನಲ್ಲಿ ನಾನು ಕೊಳವೆಬಾವಿಯ ನೀರಿನಲ್ಲಿ ಕೊಂಬು ನೆನೆಸಿ ಎರಡು ಸಲ ನಿರಾಶನಾದೆ. ಗಡಸು ನೀರಿನಲ್ಲಿ ಕೊಂಬು ತನ್ನ ಸಾರವನ್ನು ಸರಿಯಾಗಿ ಬಿಡುವುದಿಲ್ಲ, ಜಪಾನಿನ ನೀರು ಬಹುತೇಕ ಎಲ್ಲೆಡೆ ಮೆದು. ಈಗ ಶೋಧಕ ಯಂತ್ರದ ನೀರನ್ನು ಬಳಸುತ್ತಿದ್ದೇನೆ, ಅದೇ ಕೊಂಬು, ಅದೇ ತೂಕ, ರುಚಿ ಮಾತ್ರ ಮರಳಿ ಬಂದಿದೆ.

ತುಂಗಾತೀರ (ಕವಾಸಾಕಿ)

ಹೊಸ ಮಡಕೆ ಬಂದಿದೆ, ಗಂಜಿಯೂ ಕಾದಿದೆ. ಇನ್ನು ಉಳಿದದ್ದು ಎಂಜಲು. ನಾನು ನೋಡಿದ ಊಟದಲ್ಲಿ ತಮ್ಮ ತಮ್ಮ ಊಟದ ಕಡ್ಡಿಗಳನ್ನೇ ಮಡಕೆಗೆ ಹಾಕಿ ತೆಗೆಯುತ್ತಿದ್ದರು.

ಶರಾವತಿ (ಕ್ಯೋಟೋ)

ಮನೆಯವರೇ ಕುಳಿತಾಗ ಹಾಗೆ ಮಾಡುತ್ತಾರೆ, ಅದಕ್ಕೆ ಜಿಕಾಬಾಶಿ ಎಂಬ ಹೆಸರಿದೆ. ಆದರೆ ಅತಿಥಿಗಳಿರುವಾಗ ಅದು ಸಭ್ಯತೆಯಲ್ಲ ಎಂದು ಭಾವಿಸುವವರು ಇಲ್ಲಿಯೂ ಬಹಳ ಜನ. ಎಲ್ಲರಿಗೂ ಸಾಮಾನ್ಯವಾದ ತೋರಿಬಾಶಿ ಎಂಬ ಬಡಿಸುವ ಕಡ್ಡಿಗಳನ್ನೂ ಒಂದು ಸೌಟನ್ನೂ ಮಡಕೆಯ ಬಳಿ ಇಟ್ಟು, ಪ್ರತಿಯೊಬ್ಬರ ಮುಂದೆ ತೊನ್‌ಸುಯಿ ಎಂಬ ಹಿಡಿಕೆಯ ಬಟ್ಟಲನ್ನಿಡಿ. ಇದಕ್ಕಿಂತಲೂ ಒಳ್ಳೆಯ ಉಪಾಯವೆಂದರೆ ಬಡಿಸುವ ಕೆಲಸವನ್ನು ಒಬ್ಬರೇ ವಹಿಸಿಕೊಳ್ಳುವುದು. ಮಡಕೆಯ ಅಧಿಕಾರ ವಹಿಸಿಕೊಂಡವರನ್ನು ಇಲ್ಲಿ ನಬೆ ಬುಗ್ಯೋ ಎನ್ನುತ್ತಾರೆ. ಬುಗ್ಯೋ ಎಂದರೆ ಎದೊ ಕಾಲದ ಅಧಿಕಾರಿ, ನಮ್ಮ ಅಮಲ್ದಾರರಂತೆ. ಯಾವುದನ್ನು ಯಾವಾಗ ಹಾಕಬೇಕು, ಯಾರ ಬಟ್ಟಲಿಗೆ ಯಾವುದು ಎಂಬ ತೀರ್ಮಾನವೆಲ್ಲ ಅವರದು. ನೀವೇ ಆ ಸ್ಥಾನದಲ್ಲಿ ಕುಳಿತು ಮೊದಲ ಬಟ್ಟಲನ್ನು ಅತ್ತೆಯವರಿಗೆ ಬಡಿಸಿದರೆ, ಅವರಿಗೆ ಅದು ನಮ್ಮ ಪಂಕ್ತಿಯ ಊಟದಂತೆಯೇ ತೋರುತ್ತದೆ, ಅತಿಥಿಗಳಿಗೂ ಸಹಜವೆನಿಸುತ್ತದೆ.

ಹಾಕುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಬೆ ಕೆಡುವುದು ಎಲ್ಲವನ್ನೂ ಒಟ್ಟಿಗೆ ಸುರಿಯುವುದರಿಂದ. ಐದು ಜನರಿಗೆ ಒಂದೂವರೆ ಲೀಟರ್ ದಾಶಿ, ಅರ್ಧ ಹಕುಸಾಯ್, ಮೂರು ಗಟ್ಟಿ ತೋಫು, ಹತ್ತು ಹಸಿ ಶಿಯಿತಾಕೆ, ಒಂದೊಂದು ಪೊಟ್ಟಣ ಎನೋಕಿ ಮತ್ತು ಶಿಮೆಜಿ ಅಣಬೆ, ಒಂದು ಕ್ಯಾರೆಟ್, ಗೇಣುದ್ದ ಮೂಲಂಗಿ, ಒಂದು ಕಟ್ಟು ಶುಂಗಿಕು ಸಾಕು. ಹಕುಸಾಯಿಯ ದಪ್ಪ ಬಿಳಿ ದಂಟನ್ನು ಓರೆಯಾಗಿ ತೆಳ್ಳಗೆ ಹೆಚ್ಚಿ, ಎಲೆಯ ಭಾಗವನ್ನು ಬೇರೆಯಾಗಿಡಿ. ಮೂಲಂಗಿ, ಕ್ಯಾರೆಟ್, ಬಿಳಿ ದಂಟು, ಶಿಯಿತಾಕೆ ಮೊದಲು ಬೇಯಲಿ. ಮೂಲಂಗಿಯನ್ನು ಹಿಂದೆಯೇ ಅಕ್ಕಚ್ಚಿನಲ್ಲಿ ಅರೆಬೇಯಿಸಿದರೆ ಅದರ ಕಟುವಾಸನೆ ಹೋಗುತ್ತದೆ. ಆಮೇಲೆ ಎಲೆ, ಉಳಿದ ಅಣಬೆಗಳು, ಮೇಲೆ ಬಿಸಿನೀರು ಸುರಿದು ಎಣ್ಣೆ ತೆಗೆದ ಅಬುರಾಗೆ (ಕರಿದ ತೆಳು ತೋಫು). ತೋಫುವನ್ನು ಕೊನೆಗಿಂತ ತುಸು ಮೊದಲು ಹಾಕಿ. ಅದು ಒಳಗಿನವರೆಗೆ ಬಿಸಿಯಾಗಿ ಮೆಲ್ಲನೆ ಅಲುಗತೊಡಗಿದಾಗ ಎತ್ತಿಬಿಡಬೇಕು, ಹೆಚ್ಚು ಕುದಿದರೆ ಜೇನುಗೂಡಿನಂತೆ ತೂತು ಬಿದ್ದು ಬಿರುಸಾಗುತ್ತದೆ. ಶುಂಗಿಕು, ಅಂದರೆ ಸೇವಂತಿಗೆಯ ಜಾತಿಯ ಕಹಿಮಿಶ್ರಿತ ಸೊಪ್ಪು, ಅರ್ಧ ನಿಮಿಷಕ್ಕಿಂತ ಹೆಚ್ಚು ರಸದಲ್ಲಿರಬಾರದು. ಒಂದು ಸುತ್ತು ಖಾಲಿಯಾದ ಮೇಲೆ ಮುಂದಿನ ಸುತ್ತು ಹಾಕಿ. ನಡುವಿನ ಆ ಬಿಡುವಿನಲ್ಲಿಯೇ ಮಾತುಕತೆ ನಡೆಯುವುದು.

ಪಡುವಣಗಾಳಿ (ಫುಕುವೋಕಾ)

ಪೊನ್ಜುವನ್ನು ಮನೆಯಲ್ಲೇ ಮಾಡಿ. ಸೋಯಾ ಸಾಸ್ ಮತ್ತು ಯುಜು ಎಂಬ ನಿಂಬೆಜಾತಿಯ ಹಣ್ಣಿನ ರಸ ಸಮಪ್ರಮಾಣ, ಸ್ವಲ್ಪ ಸಕ್ಕರೆ, ಒಂದು ಸಣ್ಣ ತುಂಡು ಕೊಂಬು. ಒಂದು ರಾತ್ರಿ ಇಟ್ಟರೆ ಹದಕ್ಕೆ ಬರುತ್ತದೆ. ಮಿರಿನ್ ಎಂಬ ಅಡುಗೆಯ ಸಿಹಿ ಮದ್ಯದಲ್ಲಿ ಮದ್ಯಸಾರ ಇರುವುದರಿಂದ ಅದನ್ನು ಬಿಟ್ಟಿದ್ದೇನೆ. ಯುಜು ದುಬಾರಿಯಾದರೆ ನಿಂಬೆಗೆ ಕಿತ್ತಳೆ ರಸ ಬೆರೆಸಿ. ಇದರೊಡನೆ ಹುರಿದ ಬಿಳಿ ಎಳ್ಳನ್ನು ನುಣ್ಣಗೆ ಅರೆದು ಮಿಸೊ ಮತ್ತು ದಾಶಿಯಲ್ಲಿ ಕದಡಿದ ಇನ್ನೊಂದು ಬಟ್ಟಲಿರಲಿ, ಎಳ್ಳಿನ ಚಟ್ನಿಪುಡಿ ತಿಂದು ಬೆಳೆದವರಿಗೆ ಅದು ಕೂಡಲೇ ಒಗ್ಗುತ್ತದೆ. ತುರಿದ ಮೂಲಂಗಿ, ಶುಂಠಿ, ಮೆಣಸಿನಪುಡಿ ಪಕ್ಕದಲ್ಲಿರಲಿ. ನಮ್ಮ ಕ್ಯೂಶೂವಿನ ಯುಜು ಕೊಶೊ, ಅಂದರೆ ಹಸಿಮೆಣಸು, ಯುಜು ಸಿಪ್ಪೆ ಮತ್ತು ಉಪ್ಪನ್ನು ಅರೆದು ಮಾಗಿಸಿದ್ದು, ಕಾಳಿನಷ್ಟು ಸಾಕು.

ಕೊನೆಯ ರಸವನ್ನು ಮಾತ್ರ ದಯವಿಟ್ಟು ಚೆಲ್ಲಬೇಡಿ. ಸುತ್ತು ಸುತ್ತಾಗಿ ಬೆಂದ ಪ್ರತಿಯೊಂದು ತರಕಾರಿಯೂ ಏನನ್ನಾದರೂ ಬಿಟ್ಟುಹೋಗಿರುವ ರಸ ಅದು. ಶಿಮೆ ಎಂಬ ಮುಕ್ತಾಯವಿಲ್ಲದೆ ನಬೆ ಮುಗಿಯುವುದಿಲ್ಲ. ತಣ್ಣನೆಯ ಅನ್ನವನ್ನು ಒಮ್ಮೆ ನೀರಿನಲ್ಲಿ ತೊಳೆದು, ಅಂಟು ಕಳೆದು, ಉಳಿದ ರಸಕ್ಕೆ ಹಾಕಿ ಎರಡು ಕುದಿ ಕುದಿಸಿದರೆ ಜೋಸುಯಿ. ಮೊಟ್ಟೆ ಬೇಡವಾದ್ದರಿಂದ ಎಳ್ಳು ಮತ್ತು ಶುಂಠಿಯ ಎಳೆ ಉದುರಿಸಿ.

ಹಿಮಸಂಜೆ (ಯಾಮಾಗಾತಾ)

ಒಂದು ಸಣ್ಣ ಸೇರ್ಪಡೆ. ನಮ್ಮ ಪ್ರಾಂತದಲ್ಲಿ ಶರತ್ಕಾಲದಲ್ಲಿ ನದೀತೀರದಲ್ಲಿ ಕಲೆತು ಇಮೊನಿ ಎಂಬ ದೊಡ್ಡ ಹಂಡೆಯ ನಬೆಯನ್ನು ಮಾಡುತ್ತಾರೆ, ಅದರ ಮುಖ್ಯ ವಸ್ತು ಸಾತೊಯಿಮೊ, ಅಂದರೆ ನಮ್ಮ ಕೆಸುವಿನ ಗಡ್ಡೆಯೇ. ಇಲ್ಲಿ ಅದಕ್ಕೆ ದನದ ಮಾಂಸ ಹಾಕುವುದರಿಂದ ನಾವು ಮನೆಯಲ್ಲಿ ಗಡ್ಡೆ, ಅಣಬೆ, ತೋಫುವಿನಿಂದ ಬೇರೆಯಾಗಿ ಮಾಡಿಕೊಳ್ಳುತ್ತೇವೆ. ಮಲೆನಾಡಿನ ಅತ್ತೆಯವರ ಬಟ್ಟಲಿಗೆ ನಾಲ್ಕು ಕೆಸುವಿನ ಗಡ್ಡೆ ಬಿದ್ದರೆ ಊರು ನೆನಪಾದೀತು. ಸುಲಿಯುವಾಗ ಕೈ ತುರಿಸದಂತೆ ಕೈ ಒಣಗಿರಲಿ, ಪೂರ್ತಿ ಬೆಂದ ಮೇಲೆಯೇ ಬಡಿಸಿ.

ತುಂಗಾತೀರ (ಕವಾಸಾಕಿ)

ಎಲ್ಲರಿಗೂ ನಾನು ಋಣಿ. ಮೊನ್ನೆ ಶನಿವಾರ ನಬೆ ಮಾಡಿದೆವು.

ಕೊಂಬುವನ್ನು ಶುಕ್ರವಾರ ರಾತ್ರಿಯೇ ನೆನೆಸಿದ್ದೆ. ಅತ್ತೆಯವರು ಬೆಳಿಗ್ಗೆ ಎದ್ದು ಆ ನೀರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡಿ, ಉಪ್ಪು ಹಾಕದೆಯೂ ಉಪ್ಪಿದ್ದಂತಿದೆ ಎಂದರು. ಕೆಸುವಿನ ಗಡ್ಡೆಯನ್ನು ತಾವೇ ಸುಲಿದುಕೊಟ್ಟರು. ಸಂಜೆ ಅತಿಥಿಗಳು ಬಂದಾಗ 'ಶೋಜಿನ್ ನಬೆ' ಎಂದು ಹೇಳಿದೆ. ಆ ಮನೆಯಾಕೆ ಮುಚ್ಚಳ ತೆಗೆದೊಡನೆ ಬಗ್ಗಿ ಪರಿಮಳ ನೋಡಿ, ಕೊಂಬು ಯಾವುದೆಂದು ಕೇಳಿದರು, ರಿಶಿರಿ ಎಂದೆ. ಕಳೆದ ವರ್ಷದ ಊಟದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡನೆಯ ಬಟ್ಟಲಿನ ನಂತರ ಶಿಯಿತಾಕೆಯ ಪ್ರಮಾಣವನ್ನು ಅವರು ತಮ್ಮ ಫೋನಿನಲ್ಲಿ ಬರೆದುಕೊಂಡರು.

ಬಡಿಸುವ ಕಡ್ಡಿಗಳು ನನ್ನ ಕೈಯಲ್ಲೇ ಇದ್ದವು, ಯಾರೂ ಮಡಕೆಗೆ ಕೈ ಚಾಚಲಿಲ್ಲ. ತೋಫುವಿನ ಮೊದಲ ಸುತ್ತು ತುಸು ಹೆಚ್ಚು ಕುದಿದು ತೂತು ಬಿದ್ದಿತು, ಎರಡನೆಯ ಸುತ್ತು ಸರಿಯಾಯಿತು. ಅತ್ತೆಯವರು ಶುಂಗಿಕುವನ್ನು ಬದಿಗಿಟ್ಟರು, ಎಳ್ಳಿನ ಗೊಜ್ಜನ್ನು ಮಾತ್ರ ಮೂರು ಸಲ ಹಾಕಿಸಿಕೊಂಡರು. ಆದರೆ ಜೋಸುಯಿ ಬಟ್ಟಲಿಗೆ ಬಂದಾಗ ಅವರು ಒಂದು ಚಮಚ ಉಂಡು, 'ಇದು ಗಂಜಿ ಕಣೇ' ಎಂದು ಎದ್ದುಹೋಗಿ, ಊರಿನಿಂದ ತಂದ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ತಂದು ಎಲ್ಲರ ಬಟ್ಟಲಿನ ಪಕ್ಕಕ್ಕೆ ಒಂದೊಂದು ಮಿಡಿ ಬಡಿಸಿದರು. ಆ ದಂಪತಿಗಳು ತಮ್ಮ ಉಪ್ಪಿನಕಾಯಿ ಉಮೆಬೊಶಿಯಂತೆ ಅದನ್ನು ಸ್ವಲ್ಪ ಸ್ವಲ್ಪವೇ ಕಚ್ಚಿಕೊಂಡು ಮಡಕೆಯ ತಳ ಕಾಣುವವರೆಗೂ ಉಂಡರು.

ಈಗ ಅತ್ತೆಯವರು ಊರಿಗೆ ಒಂದು ಸಣ್ಣ ದೊನಾಬೆ ಬೇಕೆನ್ನುತ್ತಿದ್ದಾರೆ. ಕುಂಬಾರಕೊಪ್ಪಲು ಅವರೇ, ಇಬ್ಬರಿಗೆ ಯಾವ ಅಳತೆ? ಅಲ್ಲಿನ ಗ್ಯಾಸ್ ಒಲೆಗೆ ತಾಳುವುದೇ?

ಕುಂಬಾರಕೊಪ್ಪಲು (ಮೈಸೂರು)

ಇಬ್ಬರಿಗೆ 6 ಅಥವಾ 7 ಗೋ ಸಾಕು. ಗ್ಯಾಸ್ ಒಲೆಗೆ ತಾಳುತ್ತದೆ, ಆದರೆ ಸಣ್ಣ ಉರಿಯಿಂದಲೇ ಆರಂಭಿಸಬೇಕು. ಮುಚ್ಚಳವನ್ನು ಬೇರೆಯಾಗಿ ಸೀರೆಗಳ ನಡುವೆ ಸುತ್ತಿ ಕೈಚೀಲದಲ್ಲಿ ತರಲಿ. ಮಡಕೆಯೊಳಗೆ ಒಂದು ಕಟ್ಟು ರಿಶಿರಿ ಕೊಂಬು ತುಂಬಿಸಿ ಕಳುಹಿಸಿ, ಜಾಗವೂ ಉಳಿಯುತ್ತದೆ. ತೀರ್ಥಹಳ್ಳಿಯಲ್ಲಿ ಮಳೆಗಾಲದ ನೀರು ಮೆದುವಾಗಿರುತ್ತದೆ, ಮಳೆ ಹಿಡಿದ ಮೇಲೆ ಮೊದಲ ನಬೆ ಮಾಡಲು ಹೇಳಿ.